ಮುಜರಾಯಿ ಟೇಬಲ್ಲಲ್ಲಿ ನನ್ನ ವರ್ಷಗಳು

ನಾನು ಶಿವಮೊಗ್ಗ ಜಿಲ್ಲೆಯ ಮಲೆನಾಡು ಕಡೆಯ ಒಂದು ತಾಲೂಕು ಆಫೀಸಲ್ಲಿ ಪ್ರಥಮ ದರ್ಜೆ ಸಹಾಯಕಿ, ಅಂದ್ರೆ ಎಫ್‌ಡಿಎ. 2015ರ ಕೊನೇಲಿ ನನಗೆ ಮುಜರಾಯಿ, ಅಂದ್ರೆ ಸರ್ಕಾರದ ಪಟ್ಟಿಲಿರೋ ದೇವಸ್ಥಾನಗಳನ್ನ ನೋಡ್ಕೊಳ್ಳೋ ಟೇಬಲ್ ಕೊಟ್ರು, ಮಧ್ಯೆ ಎರಡು ವರ್ಷ ಚುನಾವಣಾ ಶಾಖೆಗೆ ಹಾಕಿದ್ದು ಬಿಟ್ರೆ ಇವತ್ತಿನವರೆಗೂ ಅದೇ ಟೇಬಲ್ಲು. ಮದುವೆ ಮನೇಲೋ ಬಸ್ಸಲ್ಲೋ ಯಾರಾದ್ರೂ ಎಲ್ಲಿ ಕೆಲಸ ಅಂತ ಕೇಳಿ ಮುಜರಾಯಿ ಅಂದ ಕೂಡ್ಲೆ ಮುಂದಿನ ಪ್ರಶ್ನೆ ಒಂದೇ, ದೇವಸ್ಥಾನದ ದುಡ್ಡೆಲ್ಲ ಸರ್ಕಾರ ತಗೊಂಡು ಎಂತ ಮಾಡುತ್ತೆ ಅಂತ. ನಾನು ಹೇಳೋದು, ನಮ್ಮ ತಾಲೂಕಿನ ಪಟ್ಟಿಲಿರೋ ನೂರಕ್ಕಿಂತ ಜಾಸ್ತಿ ಗುಡಿಗಳಲ್ಲಿ ಮುಕ್ಕಾಲು ಪಾಲು ಗುಡಿಗೆ ಹುಂಡಿನೇ ಇಲ್ಲ, ಇದ್ರೂ ಅದರಲ್ಲಿ ದೀಪದ ಎಣ್ಣೆಗೂ ಸಾಲದಷ್ಟು ಬೀಳುತ್ತೆ, ಅಂಥ ಕಡೆ ದುಡ್ಡು ಹೋಗೋದು ನಮ್ಮ ಕಡೆಯಿಂದ ಅವರ ಕಡೆಗೆ ಅಂತ. ಹೇಳಿದ್ರೆ ಅರ್ಧ ಜನ ನಂಬಲ್ಲ. ಅದಕ್ಕೇ ಈ ಕೆಲಸ ವರ್ಷಪೂರ್ತಿ ಹೆಂಗೆ ನಡೆಯುತ್ತೆ, ನಾನು ಹೆಂಗೆ ಮಾಡ್ಕೊಂಡು ಬಂದೆ ಅಂತ ಒಂದ್ಸಲ ಕೂತು ಬರೆಯೋಣ ಅನ್ನಿಸ್ತು.

ಮೊದಲು ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ. ಈಗ ನಡೀತಿರೋದು 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ, ಜಾರಿಗೆ ಬಂದಿದ್ದು 2003ರ ಮೇ 1ಕ್ಕೆ. ಅದಕ್ಕೂ ಮುಂಚೆ ನಮ್ಮ ಕಡೆ ಮೈಸೂರು ರಾಜರ ಕಾಲದ 1927ರ ಕಾಯ್ದೆ ಇತ್ತು, ಹಳೇ ಫೈಲಲ್ಲಿ ಇನ್ನೂ ಅದರದೇ ಸೆಕ್ಷನ್ ನಂಬರು ಕಾಣುತ್ತೆ. ವರ್ಷಕ್ಕೆ 25 ಲಕ್ಷದ ಮೇಲೆ ಆದಾಯ ಇದ್ರೆ ಎ ವರ್ಗ, 5ರಿಂದ 25 ಲಕ್ಷದವರೆಗೆ ಬಿ, 5 ಲಕ್ಷಕ್ಕಿಂತ ಕಡಿಮೆ ಸಿ. ರಾಜ್ಯದಲ್ಲಿ ಇಲಾಖೆಗೆ ಸೇರಿದ ದೇವಸ್ಥಾನ 34 ಸಾವಿರದ ಮೇಲಿದಾವೆ, ಅದರಲ್ಲಿ ಎ ಮತ್ತೆ ಬಿ ಸೇರಿಸಿದ್ರೆ ನಾನೂರರ ಆಸುಪಾಸು ಅಷ್ಟೇ. ಮಿಕ್ಕಿದ್ದೆಲ್ಲ ಸಿ. ಪೇಪರಲ್ಲಿ ಟೀವಿಲಿ ಬರೋದು ಆ ನಾನೂರರ ಸುದ್ದಿ, ನನ್ನ ಟೇಬಲ್ಲಿಗೆ ಬರೋದು ಮಿಕ್ಕಿದ್ದು. ಈಶ್ವರ, ವೀರಭದ್ರ, ಆಂಜನೇಯ, ಗೋಪಾಲಕೃಷ್ಣ, ಅದರ ಜೊತೆಗೇ ಮಾರಮ್ಮ, ಚೌಡಮ್ಮ, ಭೂತಪ್ಪ. ಕೆಲವು ಕಡೆ ಗೋಡೆನೂ ಇಲ್ಲ, ಕಾನಿನ ಅಂಚಲ್ಲಿ ಒಂದು ಮರದ ಬುಡ, ನಾಲ್ಕು ಕಲ್ಲು, ಮೇಲೆ ಶೀಟು. ಪೂಜೆ ಮಾಡೋರೂ ಅಷ್ಟೇ, ಭಟ್ರು ಇದಾರೆ, ಅಯ್ಯನೋರು ಇದಾರೆ, ದೀವರ ಸಮುದಾಯದ ಪೂಜಾರಿ ಇದಾರೆ, ದಲಿತ ಕೇರಿಯ ಪೂಜಾರಪ್ಪ ಇದಾರೆ. ನಮ್ಮ ರಿಜಿಸ್ಟರಲ್ಲಿ ಎಲ್ರಿಗೂ ಒಂದೇ ಕಾಲಮ್ಮು, ಅರ್ಚಕರ ಹೆಸರು.

ಪೂಜೆ ಖರ್ಚಿಗೆ ಅಂತ ಸರ್ಕಾರ ವರ್ಷಾವರ್ಷ ಇವರಿಗೆ ಕೊಡೋ ದುಡ್ಡೇ ತಸ್ತೀಕು. ವರ್ಷಕ್ಕೆ 48 ಸಾವಿರ ಇದ್ದಿದ್ದು 2022ರಲ್ಲಿ 60 ಸಾವಿರ ಆಯ್ತು, 2025-26ರ ಬಜೆಟ್ಟಲ್ಲಿ 72 ಸಾವಿರ ಅಂತ ಘೋಷಣೆ ಆಯ್ತು. ಅಂದ್ರೆ ತಿಂಗಳಿಗೆ ಆರು ಸಾವಿರ, ದಿನಕ್ಕೆ ಇನ್ನೂರು ರೂಪಾಯಿ ಹತ್ರ. ಎಣ್ಣೆ, ಬತ್ತಿ, ನೈವೇದ್ಯದ ಅಕ್ಕಿ, ಹೂವು, ಪೂಜೆ ಮಾಡೋರ ಸಂಭಾವನೆ ಎಲ್ಲ ಅದರಲ್ಲೇ ಆಗ್ಬೇಕು.

ಇದನ್ನ ಸರ್ಕಾರ ಧರ್ಮಕ್ಕೆ ಕೊಡುತ್ತೆ ಅಂತ ತುಂಬಾ ಜನ ಅನ್ಕೊಂಡಿದಾರೆ. ನಾನೂ ಮೊದಲ ವರ್ಷ ಹಂಗೇ ಅನ್ಕೊಂಡಿದ್ದೆ. ಆಗ ನಮ್ಮಲ್ಲಿ ರಿಟೈರ್ ಆಗೋಕೆ ಆರು ತಿಂಗಳಿದ್ದ ಶಿರಸ್ತೇದಾರ್ ಸಾಹೇಬ್ರು ಒಬ್ರಿದ್ರು, ಅವರು ರೆಕಾರ್ಡ್ ರೂಮಿಗೆ ಕರ್ಕೊಂಡು ಹೋಗಿ ಕೆಂಪು ಬಟ್ಟೆ ಸುತ್ತಿದ ಒಂದು ಕಟ್ಟು ಬಿಚ್ಚಿ ತೋರಿಸಿದ್ರು, ನೋಡಮ್ಮ, ಇದು ದಾನ ಅಲ್ಲ, ಬಾಡಿಗೆ ಬಾಕಿ ಇದ್ದಂಗೆ ಅಂದ್ರು. ಕೆಳದಿ ಅರಸರ ಕಾಲದಿಂದ ಬಂದ ಉಂಬಳಿ ಗದ್ದೆ ತೋಟ ಈ ಗುಡಿಗಳಿಗೆ ಇತ್ತು, ದೀಪಕ್ಕಿಷ್ಟು, ನೈವೇದ್ಯಕ್ಕಿಷ್ಟು, ಬಡಿಯೋನಿಗಿಷ್ಟು, ಊದೋನಿಗಿಷ್ಟು ಅಂತ. 1955ರ ಇನಾಂ ರದ್ದತಿ ಕಾಯ್ದೆ ಬಂತು, ಅದಾದ್ಮೇಲೆ ಭೂಸುಧಾರಣೆ ತಿದ್ದುಪಡಿ, 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ ಅಲ್ಲಿಂದ ಗೇಣಿದಾರರ ಹೆಸರಿಗೆ ಹೋಯ್ತು. ಆಗಲೇಬೇಕಿದ್ದ ಕೆಲಸ ಅದು, ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆಯೋಳು ನಾನು, ನಮ್ಮ ತಾತನೂ ಗೇಣಿದಾರರ ಅರ್ಜಿ ಫಾರಂ ಸೆವೆನ್ ಹಾಕಿನೇ ಗದ್ದೆ ಮಾಡ್ಕೊಂಡಿದ್ದು. ಆದ್ರೆ ಜಮೀನು ಬಿಟ್ಕೊಟ್ಟ ದೇವರಿಗೆ ಬದಲಿಗೆ ವರ್ಷಾವರ್ಷ ಇಷ್ಟು ಕೊಡ್ತೀವಿ ಅಂತ ಸರ್ಕಾರ ಮಾತು ಕೊಟ್ಟಿತ್ತು, ಅದೇ ತಸ್ತೀಕು, ವರ್ಷಾಶನ. ಆ ಹಳೇ ಕಟ್ಟಲ್ಲಿ ವರ್ಷಕ್ಕೆ ನೂರು ಇನ್ನೂರು ರೂಪಾಯಿ ಅಂತ ಬರೆದಿರೋ ಗುಡಿಗಳಿದ್ವು. ಅವತ್ತಿಂದ ಯಾವ ಅರ್ಚಕರು ಟೇಬಲ್ ಹತ್ರ ಬಂದ್ರೂ ಮೊದ್ಲು ಕುರ್ಚಿ ತೋರಿಸಿ ಕೂರಿ ಅಂತೀನಿ, ಆಮೇಲೆ ಮಾತು. ಅವರು ಕೇಳೋಕೆ ಬಂದಿರೋದು ಅವರ ದೇವರಿಗೆ ಬರಬೇಕಾದ್ದನ್ನೇ.

ನನ್ನ ವರ್ಷ ಶುರುವಾಗೋದು ಏಪ್ರಿಲ್ ಮೊದಲ ವಾರ. ನಾನು ಇಲಾಖೆ ರಿಜಿಸ್ಟರ್ ಬಿಟ್ಟು ನನ್ನದೇ ಒಂದು ದಪ್ಪ ನೋಟ್‌ಬುಕ್ ಇಟ್ಕೊಂಡಿದೀನಿ, ಒಂದು ಗುಡಿಗೆ ಒಂದು ಪುಟ. ಗುಡಿ ಹೆಸರು, ಊರು, ಸರ್ವೆ ನಂಬರು, ಪಹಣಿ ಪ್ರಕಾರ ಎಷ್ಟು ಎಕರೆ ಎಷ್ಟು ಗುಂಟೆ, ಅರ್ಚಕರ ಹೆಸರು, ಅವರ ವಯಸ್ಸು, ಬ್ಯಾಂಕು, ಫೋನ್ ನಂಬರು, ಪಕ್ಕದ ಮನೆಯೋರ ಫೋನ್ ನಂಬರು. ಈ ಕೊನೇದು ಮುಖ್ಯ, ಯಾಕಂದ್ರೆ ಅರ್ಧ ಊರಲ್ಲಿ ನೆಟ್‌ವರ್ಕ್ ಇರಲ್ಲ, ಗುಡ್ಡ ಹತ್ತಿದಾಗ ಮಾತ್ರ ಸಿಗ್ತಾರೆ. ಕೊನೇ ಕಾಲಮ್ಮು ಖಾಲಿ, ಅಲ್ಲಿ ನಾನು ಕಣ್ಣಾರೆ ನೋಡಿದ ತಾರೀಖು ಬರೀತೀನಿ. ಆ ತಾರೀಖು ಬೀಳದೇ ವರ್ಷ ಮುಗಿದ್ರೆ ನನಗೆ ನಿದ್ದೆ ಬರಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಏಪ್ರಿಲಲ್ಲಿ ಮಾಡೋ ಇನ್ನೊಂದು ಕೆಲಸ ಪ್ರತಿ ಸರ್ವೆ ನಂಬರಿನ ಪಹಣಿ ತೆಗೆದು ಹೋದ ವರ್ಷದ ಪಹಣಿ ಪಕ್ಕ ಇಟ್ಟು ನೋಡೋದು. ಬೇಜಾರಿನ ಕೆಲಸ, ಕಣ್ಣು ಉರಿಯುತ್ತೆ, ಕರೆಂಟ್ ಬೇರೆ ಹೋಗ್ತಿರುತ್ತೆ. ನೋಡ್ಬೇಕಾದ್ದು ಮೂರೇ ಜಾಗ, ಒಂಬತ್ತನೇ ಕಾಲಂ ಸ್ವಾಧೀನದಾರರ ಹೆಸರು, ಹನ್ನೊಂದನೇದು ಹಕ್ಕು ಮತ್ತೆ ಋಣ, ಹನ್ನೆರಡನೇದು ಸಾಗುವಳಿ ಮಾಡೋರ ಹೆಸರು. ನನ್ನ ಎರಡನೇ ವರ್ಷ ಒಂದು ವೀರಭದ್ರ ದೇವರ ಜಮೀನು, ಮೂರು ಎಕರೆ ಚಿಲ್ಲರೆ, ಒಳ್ಳೆ ನೀರಿರೋ ಜಾಗ, ಅದರ ಒಂಬತ್ತನೇ ಕಾಲಮ್ಮಲ್ಲಿ ದೇವರೇ ಇಲ್ಲ. ಬರೀ ಇಬ್ಬರು ಅಣ್ಣತಮ್ಮಂದಿರ ಹೆಸರು. ಖಾತೆ ಬದಲಾವಣೆ ದಾಖಲೆ (ಮ್ಯುಟೇಶನ್) ತೆಗೆಸಿ ನೋಡಿದ್ರೆ ಪೌತಿ ಖಾತೆ, ಅಪ್ಪ ತೀರ್ಕೊಂಡ್ಮೇಲೆ ಮಕ್ಕಳ ಹೆಸರಿಗೆ ಆಗಿದೆ. ಅದಕ್ಕೂ ಹಿಂದೆ ಹೋದೆ, ಕಂಪ್ಯೂಟರ್ ಪಹಣಿ ಶುರುವಾದ ಕಾಲದ್ದು, ಅಲ್ಲಿ ಅಪ್ಪನ ಹೆಸರೊಂದೇ. ಅದಕ್ಕೂ ಹಿಂದಿನ ಕೈಬರಹದ ಪಹಣಿ ರೆಕಾರ್ಡ್ ರೂಮಲ್ಲಿ ಹುಡುಕೋಕೆ ಎರಡು ದಿನ ಬೇಕಾಯ್ತು, ಸಿಕ್ತು, ಅದರಲ್ಲಿ ಶ್ರೀ ವೀರಭದ್ರ ದೇವರು ಅಂತ ಒಂದು ಸಾಲು, ಅದರ ಕೆಳಗೆ ಅರ್ಚಕರು ಇಂಥವರು ಅಂತ ಇನ್ನೊಂದು ಸಾಲು. ಕೈಬರಹದಿಂದ ಕಂಪ್ಯೂಟರಿಗೆ ಹತ್ತಿಸುವಾಗ ಮೇಲಿನ ಸಾಲು ಬಿಟ್ಟು ಹೋಗಿದೆ. ಒಂದು ಸಾಲು. ಅಷ್ಟಕ್ಕೇ ದೇವರು ಭೂಮಿ ಕಳ್ಕೊಂಡು ಹದಿನೈದು ವರ್ಷದ ಮೇಲಾಗಿತ್ತು, ಯಾರಿಗೂ ಗೊತ್ತೇ ಇರಲಿಲ್ಲ, ಅಣ್ಣತಮ್ಮಂದಿರು ಅಷ್ಟೊತ್ತಿಗೆ ಮಾರೋ ಮಾತುಕತೆಗೆ ಇಳಿದಿದ್ರು.

ನಾನು ಅವರನ್ನ ಕಳ್ಳರು ಅಂತ ಯಾವತ್ತೂ ಅನ್ನಲ್ಲ. ಅವರ ಮನೆಗೆ ಹೋದಾಗ ದೊಡ್ಡೋರು ಜಗಲಿ ಮೇಲೆ ಕೂರಿಸಿ ಕಷಾಯ ಕೊಟ್ಟು, ಮೇಡಂ, ನಮ್ಮಪ್ಪ ಉಳುಮೆ ಮಾಡಿದ್ದು, ನಾವು ಮಾಡ್ತಿದೀವಿ, ಪಹಣಿಲಿ ನಮ್ಮ ಹೆಸರಿದೆ, ನಮ್ದು ಅಲ್ದೆ ಯಾರ್ದು ಅಂದ್ರು. ನಾನು ಜೆರಾಕ್ಸ್ ತೋರಿಸ್ದೆ. ಬಹಳ ಹೊತ್ತು ನೋಡಿದ್ರು. ಅವರ ಅಪ್ಪನ ಹೆಸರಿನ ಮೇಲೆ ದೇವರ ಹೆಸರು ಅವರೇ ಓದಿದ್ರು. ತಮ್ಮನಿಗೆ ಒಪ್ಪಿಗೆ ಆಗಲಿಲ್ಲ, ವಕೀಲರನ್ನ ಇಟ್ರು, ಅದು ಅವರ ಹಕ್ಕು. ನಾವು ತಹಶೀಲ್ದಾರ್ ಮೂಲಕ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ, ಭೂಕಂದಾಯ ಕಾಯ್ದೆ 136(2)ರ ಕೆಳಗೆ ಮೇಲ್ಮನವಿ ಹಾಕಿದ್ವಿ. ಮುಗಿಯೋಕೆ ಎರಡು ವರ್ಷದ ಮೇಲಾಯ್ತು. ಈಗ ಒಂಬತ್ತನೇ ಕಾಲಮ್ಮಲ್ಲಿ ದೇವರ ಹೆಸರಿದೆ, ಪೂಜೆ ಅದೇ ಮನೆತನದ್ದು, ತಸ್ತೀಕು ದೊಡ್ಡೋರ ಖಾತೆಗೇ ಹೋಗುತ್ತೆ.

ಕಾನೂನು ಓದಿದೋರಿಗೆ ಗೊತ್ತಿರುತ್ತೆ, ಕೋರ್ಟಿನ ಲೆಕ್ಕದಲ್ಲಿ ದೇವರು ಒಬ್ಬ ವ್ಯಕ್ತಿ, ಆಸ್ತಿ ಇಟ್ಕೋಬಹುದು, ಕೇಸು ಹಾಕಬಹುದು, ಆದ್ರೆ ಯಾವತ್ತಿಗೂ ಮೈನರ್ ಇದ್ದಂಗೆ. ತನ್ನ ಪರವಾಗಿ ತಾನೇ ಬಂದು ಅರ್ಜಿ ಕೊಡೋಕಾಗಲ್ಲ, ಯಾರಾದ್ರೂ ಪೋಷಕರು ಬೇಕು. 2021ರ ಸೆಪ್ಟೆಂಬರಲ್ಲಿ ಮಧ್ಯಪ್ರದೇಶದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳ್ತು, ಜಮೀನಿನ ಮಾಲೀಕರು ದೇವರೇ, ಪೂಜಾರಿ ದೇವರ ಪರವಾಗಿ ನೋಡ್ಕೊಳ್ಳೋರು ಅಷ್ಟೇ, ಮಾಲೀಕರ ಕಾಲಮ್ಮಲ್ಲಿ ದೇವರ ಹೆಸರು ಇದ್ರೆ ಸಾಕು ಅಂತ. ಆ ತೀರ್ಪಿನ ಪ್ರತಿ ನನ್ನ ಡ್ರಾಯರಲ್ಲಿದೆ, ವಾದಕ್ಕೆ ಬಂದೋರಿಗೆ ತೆಗೆದು ಕೊಡ್ತೀನಿ. ಅಪ್ಪ ಅಮ್ಮ ಇಲ್ಲದ ಮಗುವಿನ ಆಸ್ತಿನ ಸಂಬಂಧಿಕರ ಪೈಕಿ ಯಾರೋ ಒಬ್ರು ವರ್ಷಕ್ಕೊಮ್ಮೆನಾದ್ರೂ ಹೋಗಿ ನೋಡ್ಕೊಂಡು ಬರ್ತಾರಲ್ಲ, ನನ್ನ ಕೆಲಸ ಅದೇ ಅಂತ ನಾನು ತಿಳ್ಕೊಂಡಿದೀನಿ.

ಹಂಗಾಗಿ ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ ತಿರುಗಾಟ. ಜೂನಲ್ಲಿ ಮಿರ್ಗಾ (ಮೃಗಶಿರಾ) ಮಳೆ ಹಿಡ್ಕೊಂಡ್ರೆ ಮುಗೀತು, ಆಗಸ್ಟ್ ಕೊನೆವರೆಗೂ ಒಳಗಿನ ಊರಿಗೆ ಹೋಗೋಕಾಗಲ್ಲ, ಕಾಲುಸಂಕ ಕೊಚ್ಕೊಂಡು ಹೋಗಿರುತ್ತೆ, ಧರೆ ಕುಸಿದಿರುತ್ತೆ. ಜೀಪು ನಮಗೆ ಸಿಗಲ್ಲ, ನಾನು ನನ್ನ ಸ್ಕೂಟಿಲೇ ಹೋಗೋದು, ಅಲ್ಲಿಂದ ಆ ಊರಿನ ಗ್ರಾಮ ಆಡಳಿತಾಧಿಕಾರಿ (ವಿಎ) ಜೊತೆ ಇಲ್ಲಾ ಗ್ರಾಮ ಸಹಾಯಕರ ಜೊತೆ ನಡೆಯೋದು. ಗುಡಿ ಮುಂದೆ ನಿಂತು ಫೋಟೋ, ಹೆಂಚು ಒಡೆದಿದ್ಯಾ, ಪಕಾಸಿಗೆ ಗೆದ್ದಲು ಹತ್ತಿದ್ಯಾ, ಗರ್ಭಗುಡಿಗೆ ನೀರು ಸೋರುತ್ತಾ ಅಂತ ನೋಡೋದು. ಮಳೆಗಾಲದ ಮುಂಚೆ ಹತ್ತಿಪ್ಪತ್ತು ಹೆಂಚು ಬದಲಾಯಿಸಿದ್ರೆ ಹೋಗೋ ಕೆಲಸ, ಬಿಟ್ರೆ ಎರಡು ವರ್ಷದಲ್ಲಿ ಇಡೀ ಮಾಡು ಕೂತ್ಕೊಳುತ್ತೆ, ಆಮೇಲೆ ಜೀರ್ಣೋದ್ಧಾರಕ್ಕೆ ಲಕ್ಷಗಟ್ಲೆ ಅಂದಾಜು ಪಟ್ಟಿ. ಜೀರ್ಣೋದ್ಧಾರದ ಅರ್ಜಿ ಬೆಂಗಳೂರು ಆಯುಕ್ತರ ಕಚೇರಿವರೆಗೆ ಹೋಗಿ ಬರೋದ್ರೊಳಗೆ ಮತ್ತೆರಡು ಮಳೆಗಾಲ. ಅದಕ್ಕೇ ನಾನು ಊರಿನೋರಿಗೆ ಹೇಳೋದು, ಹೆಂಚಿಗೆ ನಮ್ಮನ್ನ ಕಾಯಬೇಡಿ, ನೀವೇ ಹಾಕಿಸಿ ಬಿಲ್ಲಿಟ್ಕೊಳಿ, ತಸ್ತೀಕಿನ ಲೆಕ್ಕದಲ್ಲಿ ಹೆಂಗೆ ತೋರಿಸೋದು ಅಂತ ನಾನು ಹೇಳ್ಕೊಡ್ತೀನಿ ಅಂತ.

ಗುಡಿ ನೋಡಿದ್ಮೇಲೆ ಜಮೀನು. ಇದನ್ನ ತುಂಬಾ ಜನ ಮಾಡಲ್ಲ, ಗುಡಿ ಫೋಟೋ ತೆಗೆದು ವಾಪಸ್ ಬರ್ತಾರೆ. ಮಲೆನಾಡಲ್ಲಿ ಜಮೀನಿನ ಗಡಿ ಅಂದ್ರೆ ಅಗಳು (ಗಡಿಗೆ ತೋಡಿದ ಕಂದಕ), ಇಲ್ಲಾ ಒಂದು ಹಳೇ ಮರ, ಇಲ್ಲಾ ಹಳ್ಳ. ಅಗಳು ಒಂದೇ ದಿನಕ್ಕೆ ಜರುಗಲ್ಲ. ಪ್ರತಿ ವರ್ಷ ಅಗಳು ಬಾಚುವಾಗ ಮಣ್ಣನ್ನ ಯಾವ ಕಡೆ ಹಾಕ್ತಾರೆ ನೋಡಿ, ವರ್ಷಕ್ಕೆ ಅರ್ಧ ಮೊಳ, ಹತ್ತು ವರ್ಷಕ್ಕೆ ಎರಡು ಸಾಲು ಅಡಿಕೆ ಸಸಿ ನೆಡೋವಷ್ಟು ಜಾಗ. ಅಡಿಕೆಗೆ ಒಳ್ಳೆ ರೇಟು ಬಂದಾಗಿಂದ ಇದು ಜಾಸ್ತಿ ಆಗಿದೆ, ದೇವರ ಬೇಣ, ದೇವರ ಹಕ್ಕಲು ಅಂತ ಯಾರೂ ಮುಟ್ಟದೇ ಬಿಟ್ಟಿದ್ದ ಜಾಗದಲ್ಲೆಲ್ಲ ಈಗ ಸಸಿ. ಸಸಿ ಇದ್ದಾಗ ಹೇಳಿದ್ರೆ ಕೇಳ್ತಾರೆ, ಐದಾರು ವರ್ಷ ಬಿಟ್ಟು ಫಲ ಬಂದ್ಮೇಲೆ ಹೇಳಿದ್ರೆ ಅದು ಅವರ ಹೊಟ್ಟೆಪಾಡು, ಕೋರ್ಟು, ಪೊಲೀಸು, ಎಲ್ಲ ಶುರುವಾಗುತ್ತೆ. 2011ರ ಭೂಕಬಳಿಕೆ ನಿಷೇಧ ಕಾಯ್ದೆಲಿ ಧಾರ್ಮಿಕ ಸಂಸ್ಥೆ ಜಮೀನೂ ಸೇರಿದೆ, ಬೆಂಗಳೂರಲ್ಲಿ ಅದಕ್ಕೇ ವಿಶೇಷ ಕೋರ್ಟು ಇದೆ. ಆದ್ರೆ ಎರಡು ಸಾಲು ಅಡಿಕೆ ಸಸಿಗೆ ನೆರೆಮನೆಯೋರನ್ನ ಬೆಂಗಳೂರಿಗೆ ಅಲೆಸೋದು ಯಾವ ಊರಿಗೆ ಒಳ್ಳೇದು ಹೇಳಿ. ಮೊದಲ ವರ್ಷವೇ ಕಣ್ಣಿಗೆ ಬಿದ್ರೆ ಮಾತಲ್ಲೇ ಮುಗಿಯುತ್ತೆ. ಅದಕ್ಕೇ ಆ ಕೊನೇ ಕಾಲಮ್ಮಿನ ತಾರೀಖು.

ಮಾತಲ್ಲಿ ಮುಗಿಯದೇ ಇದ್ರೆ ಹದ್ದುಬಸ್ತಿಗೆ, ಅಂದ್ರೆ ಗಡಿ ಅಳತೆಗೆ ಹಾಕಿಸ್ತೀನಿ. ಸರ್ವೆಯರ್ ಸಿಗೋದೇ ಕಷ್ಟ, ಸಿಕ್ಕಿದ ದಿನ ಎಲ್ಲ ಬಿಟ್ಟು ಅವರ ಜೊತೆ ನಾನೂ ಹೋಗ್ತೀನಿ. ಹಳೇ ಸರ್ವೆ ದಾಖಲೆಗಳಾದ ಟಿಪ್ಪಣಿ, ಆಕಾರ್‌ಬಂದ್ ನಕಲು ಮೊದಲೇ ತೆಗೆದಿಟ್ಟಿರ್ಬೇಕು, ಅಕ್ಕಪಕ್ಕದ ಎಲ್ಲ ಹಿಡುವಳಿದಾರರಿಗೂ ನೋಟಿಸ್ ಮುಟ್ಟಿರ್ಬೇಕು, ಒಬ್ಬರಿಗೆ ಮುಟ್ಟದಿದ್ರೂ ಇಡೀ ಅಳತೆ ಬಿದ್ದು ಹೋಗುತ್ತೆ. ಇದು ನಾನು ಒಂದ್ಸಲ ಮಾಡಿದ ತಪ್ಪು, ಶಿವಮೊಗ್ಗದಲ್ಲಿ ಓದ್ತಿದ್ದ ಮಗನ ಹೆಸರಿಗೆ ಖಾತೆ ಇತ್ತು, ನೋಟಿಸ್ ಊರಲ್ಲಿದ್ದ ಅಪ್ಪನ ಕೈಗೆ ಕೊಟ್ಟು ಬಂದ್ವಿ, ಖಾತೆದಾರರಿಗೆ ನೋಟಿಸ್ ಮುಟ್ಟಿಲ್ಲ ಅಂತ ತಕರಾರು ಹಾಕಿದ್ರು, ಮತ್ತೆ ಎಂಟು ತಿಂಗಳು. ಆಮೇಲಿಂದ ಪಹಣಿ ಹೆಸರು ಯಾರದ್ದೋ ಅವರ ಕೈಗೇ ಮುಟ್ಟಿಸಿ ಸಹಿ ತಗೋತೀನಿ. ಕಲ್ಲು ನೆಟ್ಟ ಮೇಲೆ ಫೋಟೋದಲ್ಲಿ ಊರಿನೋರು ನಾಲ್ಕು ಜನ ಇರ್ಬೇಕು, ಮಹಜರಿಗೆ ಅವರದೇ ಸಹಿ. ಕಲ್ಲು ಕೀಳೋಕೆ ಬರೋನಿಗೆ ಆ ನಾಲ್ಕು ಮುಖ ನೆನಪಾಗುತ್ತೆ.

ಒಂದು ಗುಡಿ ಬಗ್ಗೆ ಹೇಳಲೇಬೇಕು. ನಮ್ಮ ಪಟ್ಟಿಲಿ ಒಂದು ಈಶ್ವರ ದೇವಸ್ಥಾನ ಇದೆ, ಅದರ ಊರು ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಹಿನ್ನೀರಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಜನ ಲಾರಿ ಹತ್ತಿ ಬೇರೆ ಬೇರೆ ಕಡೆ ಹೋದ್ರು, ಒಂದು ಮನೆಯೋರು ಲಿಂಗ ಎತ್ಕೊಂಡು ಬಂದು ಹೊಸ ಜಾಗದಲ್ಲಿ ಹುಲ್ಲು ಮಾಡಿನ ಕೆಳಗೆ ಇಟ್ಟು ಪೂಜೆ ಶುರು ಮಾಡಿದ್ರು. ರಿಜಿಸ್ಟರಲ್ಲಿ ಮಾತ್ರ ಹಳೇ ಊರಿನ ಹೆಸರೇ ಉಳ್ಕೊಂಡಿತ್ತು. ಒಬ್ಬ ಆಡಿಟ್ ಸಾಹೇಬ್ರು, ಊರೇ ಇಲ್ಲ, ಗುಡಿ ಎಲ್ಲಿಂದ ಬಂತು, ತಸ್ತೀಕು ನಿಲ್ಲಿಸಿ ಅಂತ ಆಕ್ಷೇಪಣೆ ಬರೆದ್ರು. ಅವರ ಕಡೆಯಿಂದ ನೋಡಿದ್ರೆ ಸರೀನೇ, ಕಾಗದದಲ್ಲಿ ಊರಿಲ್ಲ. ಉತ್ತರ ಕೊಡೋಕೆ ನಾನು ಆ ಮನೆಗೆ ಹೋದೆ. ಎಂಬತ್ತು ದಾಟಿದ ಅಜ್ಜಿ ಒಬ್ರಿದ್ರು, ತಂಗಿ, ಬೇಸಿಗೇಲಿ ನೀರಿಳಿದಾಗ ನಮ್ಮ ಗುಡಿ ಮೆಟ್ಲು ಕಾಣುತ್ತೆ, ನನ್ನ ಮದುವೆ ಆಗಿದ್ದು ಅಲ್ಲೇ ಅಂದ್ರು. ಒಂದು ಟ್ರಂಕು ತೆಗೆದು ಮುಳುಗಡೆ ಕಾಲದ ಪರಿಹಾರದ ಕಾಗದ, ಹಳೇ ತಸ್ತೀಕಿನ ಚೀಟಿ, ಎಲ್ಲ ಕೊಟ್ರು, ಗೆದ್ದಲು ತಿಂದಿರಲಿಲ್ಲ, ಕರ್ಪೂರದ ಡಬ್ಬಿ ಜೊತೆ ಇಟ್ಟಿದ್ರು. ಅದರ ಮೇಲೆ ಸ್ಥಳ ಬದಲಾವಣೆಗೆ ಪ್ರಸ್ತಾವನೆ ಕಳಿಸಿದ್ವಿ, ಆಕ್ಷೇಪಣೆ ತೀರುವಳಿ ಆಯ್ತು. ತಸ್ತೀಕು ಒಂದು ವರ್ಷದ್ದು ತಡವಾಯ್ತು, ನಿಲ್ಲಲಿಲ್ಲ. ಅಜ್ಜಿ ಈಗಿಲ್ಲ.

ಮಳೆಗಾಲದಲ್ಲಿ ಆಫೀಸೊಳಗಿನ ಕೆಲಸ. ಅರ್ಚಕರು ತೀರ್ಕೊಂಡ ಕಡೆ ಯಾರ ಹೆಸರಿಗೆ ಮಾಡೋದು ಅನ್ನೋದೇ ದೊಡ್ಡ ರಗಳೆ. ವಂಶವೃಕ್ಷ, ಮರಣ ಪತ್ರ, ಊರಲ್ಲಿ ಪ್ರಕಟಣೆ, ತಕರಾರಿದ್ರೆ ವಿಚಾರಣೆ, ಮಹಜರು. ಮೂರು ಜನ ಗಂಡುಮಕ್ಕಳಿದ್ರೆ ಇಬ್ರು ಬೆಂಗಳೂರಲ್ಲಿರ್ತಾರೆ, ಊರಲ್ಲಿದ್ದೋನು ಪೂಜೆ ಮಾಡ್ತಾನೆ, ಹೆಸರು ಮಾತ್ರ ಮೂರೂ ಜನದ್ದು ಬೇಕು ಅಂತಾರೆ. ನಾನು ಕೇಳೋದು ಒಂದೇ, ನಾಳೆ ಬೆಳಿಗ್ಗೆ ಗುಡಿ ಬಾಗಿಲು ತೆಗೆಯೋರು ಯಾರು. ಮಹಜರಲ್ಲೂ ಅದನ್ನೇ ಬರೆಸ್ತೀನಿ, ಊರಿನೋರು ಸುಳ್ಳು ಹೇಳಲ್ಲ. ಈಗ ಇನ್ನೊಂದು ತರದ ಕೇಸು ಜಾಸ್ತಿ ಆಗ್ತಿದೆ, ಪೂಜೆಗೆ ಯಾರೂ ಇಲ್ಲ. ಅಪ್ಪನಿಗೆ ಎಪ್ಪತ್ತೈದು, ಮಗ ಸಾಫ್ಟ್‌ವೇರು, ಇನ್ನು ಮೇಲೆ ನನ್ನ ಕೈಲಾಗಲ್ಲ ಮೇಡಂ, ಬೀಗದ ಕೈ ತಗೊಳ್ಳಿ ಅಂತ ಟೇಬಲ್ ಮೇಲೆ ಇಟ್ಟು ಹೋದೋರಿದಾರೆ. ಆ ಕೀ ಅವತ್ತು ರಾತ್ರಿ ನನ್ನ ಬ್ಯಾಗಲ್ಲೇ ಇತ್ತು. ಪಕ್ಕದ ಊರಿನ ಅರ್ಚಕರೊಬ್ರಿಗೆ ಹೇಳಿ, ವಾರಕ್ಕೆ ಮೂರು ದಿನನಾದ್ರೂ ದೀಪ ಹಚ್ಚೋ ಹಂಗೆ ಮಾಡೋಕೆ ಒಂದು ವಾರ ಓಡಾಡಿದೆ.

ವ್ಯವಸ್ಥಾಪನಾ ಸಮಿತಿ ಕೆಲಸನೂ ಇದೇ ಟೈಮಲ್ಲಿ ಬರುತ್ತೆ, ಮೂರು ವರ್ಷದ ಅವಧಿ, ಒಂಬತ್ತು ಜನ, ಅದರಲ್ಲಿ ಅರ್ಚಕರೊಬ್ರು, ಇಬ್ರು ಹೆಂಗಸರು, ಪರಿಶಿಷ್ಟರಲ್ಲಿ ಒಬ್ರು ಇರಲೇಬೇಕು. ಅರ್ಜಿ ಕರೆಯೋದು, ಪೊಲೀಸ್ ವರದಿ ತರಿಸೋದು, ಪಟ್ಟಿ ಮೇಲಕ್ಕೆ ಕಳಿಸೋದು. ಇದರಲ್ಲಿ ಹೇಳೋಕೆ ಜಾಸ್ತಿ ಇಲ್ಲ, ಫೋನುಗಳು ಜಾಸ್ತಿ ಬರ್ತವೆ.

ನವರಾತ್ರಿ, ಕಾರ್ತಿಕ, ಆಮೇಲೆ ಜಾತ್ರೆಗಳು ಅಂದ್ರೆ ಹುಂಡಿ ಎಣಿಕೆ ಮತ್ತೆ ಒಡವೆ. ಕೆಲವು ದೇವಸ್ಥಾನದ ಒಡವೆ ತಾಲೂಕು ಖಜಾನೆಲಿ ಸೀಲ್ ಮಾಡಿದ ಪೆಟ್ಟಿಗೆಲಿರುತ್ತೆ, ಉತ್ಸವಕ್ಕೆ ಪೊಲೀಸ್ ಜೊತೆ ತಗೊಂಡು ಹೋಗಿ ಉತ್ಸವ ಮುಗಿದ ಮೇಲೆ ವಾಪಸ್ ಇಡಬೇಕು. ಹೋಗುವಾಗ ಒಂದು ತೂಕ, ಬರುವಾಗ ಒಂದು ತೂಕ. ಹಳೇ ಚರಾಸ್ತಿ ರಿಜಿಸ್ಟರಲ್ಲಿ ತೊಲದ ಲೆಕ್ಕ, ನಮ್ಮ ತಕ್ಕಡಿಲಿ ಗ್ರಾಂ, ಒಂದು ತೊಲ ಅಂದ್ರೆ 11.66 ಗ್ರಾಂ ಅಂತ ಗುಣಿಸಿ ನೋಡ್ಬೇಕು. ಮೊದಲ ಸಲ ನನಗೆ ಒಂದು ಕಂಠಿಲಿ ನಾಲ್ಕು ಗ್ರಾಂ ಕಡಿಮೆ ಬಂತು, ಕೈಕಾಲು ತಣ್ಣಗಾಯ್ತು. ಜೊತೆಲಿದ್ದ ಅಕ್ಕಸಾಲಿಗರು ನೋಡಿ, ಅಮ್ಮ, ಇದರ ಒಳಗೆ ಅರಗು ತುಂಬಿರುತ್ತೆ, ಹಳೇದಾದ್ರೆ ಒಣಗಿ ಪುಡಿಯಾಗಿ ಉದುರುತ್ತೆ, ಬಂಗಾರ ಅಲ್ಲೇ ಇದೆ ಅಂತ ಬಿಡಿಸಿ ತೋರಿಸಿದ್ರು. ಅದನ್ನ ಮಹಜರಲ್ಲಿ ಬರೆಸಿ, ಅರಗು ಬಿಟ್ಟು ನಿವ್ವಳ ತೂಕ ಅಂತ ಒಂದು ಹೊಸ ಕಾಲಂ ಮಾಡಿಸ್ದೆ. ಮುಂದೆ ಬರೋರಿಗೆ ಆ ಹೆದರಿಕೆ ಬೇಡ.

ಹುಂಡಿ ಎಣಿಸುವಾಗ ಕ್ಯಾಮೆರಾ ಇರುತ್ತೆ, ಬ್ಯಾಂಕಿನೋರು, ಪೊಲೀಸು, ಸಮಿತಿಯೋರು, ನಮ್ಮ ಸಿಬ್ಬಂದಿ. ನೋಟು ಎಣಿಸೋದು ಬೇಗ ಆಗುತ್ತೆ, ಚಿಲ್ಲರೆ ಆಗಲ್ಲ. ಅದರ ಮಧ್ಯೆ ಚೀಟಿಗಳಿರ್ತವೆ, ಅಮ್ಮಾ ಪಿಯುಸಿ ಪಾಸ್ ಮಾಡ್ಸು, ಅಪ್ಪ ಕುಡಿಯೋದು ಬಿಡಂಗೆ ಮಾಡು ಅಂತ. ನಿಯಮದಲ್ಲಿ ಅದಕ್ಕೇನೂ ಹೇಳಿಲ್ಲ. ನಾನು ಯಾರಿಗೂ ಓದೋಕೆ ಬಿಡಲ್ಲ, ಮಡಿಚಿ ಅರ್ಚಕರ ಕೈಗೆ ಕೊಡ್ತೀನಿ, ಅವರು ದೇವರ ಪಾದದ ಹತ್ರ ಇಟ್ಟು ಆಮೇಲೆ ಹೊಳೆಗೆ ಬಿಡ್ತಾರೆ.

ಇನ್ನು ದುಡ್ಡು ಕೈಸೇರೋ ವಿಷಯ. ಅನುದಾನ ಒಂದೇ ಸಲ ಬರಲ್ಲ, ಕಂತಲ್ಲಿ ಬರುತ್ತೆ. ಮೊದಲೆಲ್ಲ ಚೆಕ್ಕು, ಖಜಾನೆಯ ಕಂಪ್ಯೂಟರ್ ವ್ಯವಸ್ಥೆ ಖಜಾನೆ-2 ಬಂದ್ಮೇಲೆ ನೇರ ಖಾತೆಗೆ. ಪ್ರತಿಯೊಬ್ಬರಿಗೂ ರೆಸಿಪಿಯೆಂಟ್ ಐಡಿ ಮಾಡ್ಬೇಕು, ಹೆಸರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ದುಡ್ಡು ವಾಪಸ್. 2017ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿಗೆ ಸೇರ್ತು, 2019ರಲ್ಲಿ ವಿಜಯಾ ಬ್ಯಾಂಕು ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ನಿಗೆ. ಮಲೆನಾಡಿನ ಹಳ್ಳಿಯೋರ ಖಾತೆ ಇರೋದೇ ಈ ಬ್ಯಾಂಕುಗಳಲ್ಲಿ. ಐಎಫ್‌ಎಸ್‌ಸಿ ಬದಲಾಗುತ್ತೆ ಅಂತ ಗೊತ್ತಿದ್ರೂ ನಾನು ಒಂದು ವರ್ಷ ಪಟ್ಟಿ ಸರಿ ಮಾಡಿರಲಿಲ್ಲ, ಹಳೇ ಕೋಡಲ್ಲೇ ಬಿಲ್ ಹಾಕ್ದೆ, ಮೂವತ್ತರ ಮೇಲೆ ಹೆಸರು ವಾಪಸ್ ಬಂದ್ವು. ಅದು ಮಾರ್ಚ್ 27. ನಾಲ್ಕು ದಿನ ಇದೆ, 31ಕ್ಕೆ ಮುಗೀದಿದ್ರೆ ಅನುದಾನ ಲ್ಯಾಪ್ಸು. ಮೂವತ್ತು ಮನೆಗೂ ಫೋನ್ ಮಾಡಿದ್ವಿ, ಪಕ್ಕದ ಮನೆಗೆ ಮಾಡಿದ್ವಿ, ಪಾಸ್‌ಬುಕ್ ಫೋಟೋ ವಾಟ್ಸಾಪ್ ಮಾಡಿ ಅಂದ್ರೆ ಪಾಸ್‌ಬುಕ್ ಇರೋದು ಪೆಟ್ಟಿಗೇಲಿ, ಫೋಟೋ ಕಳ್ಸೋಕೆ ನೆಟ್‌ವರ್ಕ್ ಇರೋದು ಗುಡ್ಡದ ಮೇಲೆ. ಅರವತ್ತು ದಾಟಿದ ಒಬ್ಬ ಪೂಜಾರಪ್ಪ ಹದಿನಾಲ್ಕು ಕಿಲೋಮೀಟರ್ ಬಸ್ಸಲ್ಲಿ ಬಂದು ಪಾಸ್‌ಬುಕ್ ಕೈಗೆ ಕೊಟ್ಟು ಹೋದ್ರು, ಬೈಲಿಲ್ಲ, ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ಬೈದಿದ್ರೇ ಚೆನ್ನಾಗಿತ್ತು. 31ರ ರಾತ್ರಿ ಹನ್ನೊಂದರವರೆಗೂ ಖಜಾನೆ ಬಾಗಿಲಲ್ಲಿ ನಿಂತು ಎಲ್ಲ ಪಾಸ್ ಮಾಡಿಸಿದ್ವಿ, ಇಬ್ಬರದ್ದು ಮಾತ್ರ ಉಳೀತು, ಅದು ಮುಂದಿನ ವರ್ಷದ ಕಂತಲ್ಲಿ ಸೇರಿಸಿ ಕೊಡಿಸೋಕೆ ಆರು ತಿಂಗಳಾಯ್ತು.

ಆಮೇಲಿಂದ ನಾನು ಜನವರಿಲೇ ಪ್ರತಿ ಖಾತೆಯನ್ನೂ ಪರೀಕ್ಷೆ ಮಾಡ್ತೀನಿ. ಸಂಕ್ರಾಂತಿ ಕಳೆದ ಮೇಲೆ ಹೋಬಳಿಗೊಂದು ದಿನ ಗೊತ್ತು ಮಾಡಿ ನಾಡಕಚೇರಿಲಿ ಕೂರ್ತೀನಿ, ಅರ್ಚಕರು ಪಾಸ್‌ಬುಕ್ಕು, ಆಧಾರ್ ತಗೊಂಡು ಬರ್ತಾರೆ, ಜೀವಂತ ಇದಾರೆ ಅನ್ನೋದಕ್ಕೆ ಸಹಿನೂ ಅಲ್ಲೇ. ಬಂದೋರು ಬರೀ ಸಹಿ ಹಾಕಿ ಹೋಗಲ್ಲ, ಗುಡಿ ವಿಷಯ ಹೇಳ್ತಾರೆ, ಹೆಂಚು, ಅಗಳು, ಮಗಳ ಮದುವೆ, ಮಂಗನ ಕಾಟ. ನನ್ನ ನೋಟ್‌ಬುಕ್ಕಿನ ಅರ್ಧ ಮಾಹಿತಿ ಬಂದಿರೋದು ಆ ಐದಾರು ದಿನಗಳಲ್ಲಿ. ಹೊಸದಾಗಿ ಈ ಟೇಬಲ್ಲಿಗೆ ಬರೋರು ಯಾರಾದ್ರೂ ಕೇಳಿದ್ರೆ ನಾನು ಹೇಳೋದು, ಜನವರಿಲಿ ಈ ದಿನಗಳನ್ನ ಬಿಡಬೇಡಿ, ಏಪ್ರಿಲಲ್ಲಿ ಪಹಣಿ ಬಿಡಬೇಡಿ, ಮಿಕ್ಕಿದ್ದೆಲ್ಲ ಮೇಲಿನೋರ ಸುತ್ತೋಲೆ ನೋಡ್ಕೊಂಡು ಮಾಡ್ಬಹುದು.

ಈ ಸಲ ಮೇ ಹದಿನೈದಾಗಿದೆ, ನೋಟ್‌ಬುಕ್ಕಲ್ಲಿ ಇನ್ನೂ ಹನ್ನೊಂದು ಪುಟದಲ್ಲಿ ತಾರೀಖು ಬಿದ್ದಿಲ್ಲ, ಅದರಲ್ಲಿ ಮೂರು ಹೊಳೆ ಆಚೆ. ನಿನ್ನೆ ಸಂಜೆ ಗುಡುಗು ಬೇರೆ ಶುರುವಾಗಿದೆ. ನಾಳೆ ಶನಿವಾರ, ಅಲ್ಲಿನ ವಿಎಗೆ ಫೋನ್ ಮಾಡಿ ಹೇಳಿದೀನಿ, ಬೆಳಿಗ್ಗೆ ಏಳಕ್ಕೆ ಸಂಕದ ಹತ್ರ ಕಾಯ್ತೀನಿ ಅಂದಿದಾರೆ.